ಸಪ್ಪೆ ಬ್ರೆಡ್ಡು

ಅಣ್ಣಾ,

ನಮ್ಮ ಬೇಕರಿಯ ಬ್ರೆಡ್ಡು ಸಪ್ಪೆಯೆಂದು ಗಿರಾಕಿಗಳು ಗೊಣಗಿದ್ದು ನಿನ್ನ ಕಿವಿಗೂ ಬಿತ್ತಂತೆ. ತಪ್ಪು ನನ್ನದೇ. ಆಹಾರ ತಜ್ಞೆಯ ಪಟ್ಟಿಯಲ್ಲಿ ಇಲ್ಲದ್ದನ್ನು ನಾಲಿಗೆಗೆ ಸೋಕಿಸಬಾರದೆಂದು, ಒಲೆಯಿಂದ ತೆಗೆದ ಮೊದಲ ಬ್ರೆಡ್ಡಿನ ರುಚಿ ನೋಡುವುದನ್ನೂ ಬಿಟ್ಟಿದ್ದೆ.

“ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಸಣ್ಣ ಆಗ್ತಿದ್ದೀಯೆ ಡುಮ್ಮಿ?” ಎಂದು ನಕ್ಕಿದ್ದೆಯಲ್ಲ? ಕಳೆದ ವರ್ಷ ನಿನಗೆ ಕಿಡ್ನಿ ಕೊಡುತ್ತೇನೆಂದು ಹೋದಾಗ, ಈ ತೂಕಕ್ಕೆ ಆಗುವುದಿಲ್ಲವೆಂದು ಡಾಕ್ಟರು ವಾಪಸ್ ಕಳಿಸಿದ್ದರು. ಅದನ್ನು ನಿನಗೆ ಹೇಳಿರಲಿಲ್ಲ. ಈಗ ಹದಿನೆಂಟು ಕಿಲೋ ಇಳಿದಿದ್ದೇನೆ. ಹಿಟ್ಟಿನ ಮೂಟೆ ಎತ್ತಿದರೂ ಏದುಸಿರು ಬರುವುದಿಲ್ಲ. ನಿನ್ನೆ ಡಾಕ್ಟರು ಒಪ್ಪಿದರು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಬಾ, ಬೇಡವೆನ್ನಬೇಡ. ವರ್ಷವಿಡೀ ಬಾಯಿ ಕಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಬಾರದು. ನಾಳೆಯಿಂದ ಬ್ರೆಡ್ಡಿಗೆ ಉಪ್ಪು ಸರಿಯಾಗಿ ಹಾಕುತ್ತೇನೆ. ನಿನ್ನ ಪಾಲಿನದು ಮಾತ್ರ ಆಪರೇಷನ್ ಆಗುವವರೆಗೆ ಸಪ್ಪೆಯೇ.

ಇನ್ನೂ ನಿನ್ನ
ಡುಮ್ಮಿ