ನಾಲ್ಕು ಉತ್ತರಗಳಿಲ್ಲದ ಪ್ರಶ್ನೆ

ರಾಯಚೂರು, ಕ್ರಿ.ಶ. 2318, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ

ವೈದ್ಯಕೀಯ ಪರವಾನಗಿ ಪರೀಕ್ಷೆಗೆ ಓದುತ್ತಿರುವ ಹಿಂದಿನ ಕಾಲದ ಗೆಳೆಯರೇ,

ಈ ದಿನಾಂಕ ನಿಮಗೆ ತಮಾಷೆ ಅನ್ನಿಸಬಹುದು, ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಬಿಸಿಲಿಗೆ ಕಾಲಿಡುವುದಿಲ್ಲ. ನೆಲದಡಿಯ ತಂಪುಬೀದಿಗಳಲ್ಲೇ ಸಂತೆ, ಶಾಲೆ, ಆಸ್ಪತ್ರೆ ಎಲ್ಲ ನಡೆಯುತ್ತವೆ. ಪರೀಕ್ಷೆ ಮಾತ್ರ ನಿಮ್ಮದೇ: ಒಂದು ಪ್ರಶ್ನೆ, ನಾಲ್ಕು ಉತ್ತರ. ಮುನ್ನೂರು ವರ್ಷಗಳಲ್ಲಿ ಏನೆಲ್ಲ ಹೋಯಿತು, ಈ ಪೀಡೆ ಹೋಗಲಿಲ್ಲ.

ನಾನು ನೀಲಗಂಗಾ ಮಸ್ಕಿ, ವೈದ್ಯೆ. ನನ್ನ ಪರವಾನಗಿಯನ್ನು ಕಳೆದ ವರ್ಷ ಕಿತ್ತುಕೊಂಡರು. ಓದುವ ಕಾಲದಲ್ಲಿ ನಾನು ಓದುಪಟ್ಟಿ ಕಟ್ಟಿಕೊಳ್ಳುತ್ತಿದ್ದೆ. ಅದು ಹಣೆಗೆ ಕಟ್ಟುವ ಬಟ್ಟೆ, ಪುಟಗಳನ್ನು ಕಣ್ಣೆದುರು ಹರಿಸುತ್ತದೆ. ಮುಖ್ಯ ಸಾಲುಗಳಿಗೆ ಹಳದಿ ಬಳಿದು, ಒಂದೊಂದು ಪಾಠವನ್ನು ಹದಿನೈದು ಸಲ ಓದಿದೆ. ಎಲ್ಲವೂ ಪರಿಚಿತ ಅನ್ನಿಸಿತು. ಪರಿಚಯವನ್ನೇ ಕಲಿಕೆ ಅಂದುಕೊಂಡೆ, ನೋಡಿ, ಅಲ್ಲೇ ಕೆಟ್ಟೆ. ನಾಲ್ಕು ಉತ್ತರ ಎದುರಿಗಿದ್ದಾಗ ಸರಿಯಾದದ್ದು ತಾನಾಗಿ ಕಾಣುತ್ತಿತ್ತು. ಜಿಲ್ಲೆಗೇ ಮೊದಲಿಗಳಾದೆ, ಹಿಗ್ಗಿನಲ್ಲಿ ನಾಲ್ಕು ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ಹುಸೇನಮ್ಮ ಬಂದಳು. ಸಕ್ಕರೆ ಕಾಯಿಲೆಯ ಮುದುಕಿ, ತೊದಲುತ್ತಿದ್ದಳು, ಬೆವರಿನಲ್ಲಿ ತೊಯ್ದಿದ್ದಳು. "ಯವ್ವಾ, ನನಗ ಏನಾಗ್ಯದ ಹೇಳು" ಎಂದು ನನ್ನ ಮಣಿಕಟ್ಟು ಹಿಡಿದಳು. ನಾಲ್ಕು ಉತ್ತರಗಳನ್ನು ಯಾರೂ ಕೊಡಲಿಲ್ಲ. ನನ್ನ ತಲೆ ಖಾಲಿಯಾಗಿತ್ತು. ಲಕ್ವ ಇರಬೇಕೆಂದು ಮಿದುಳಿನ ಚಿತ್ರ ತೆಗೆಯುವ ಸಾಲಿನಲ್ಲಿ ಮಲಗಿಸಿದೆ. ನಿಜಕ್ಕೂ ಆಕೆಯ ರಕ್ತದ ಸಕ್ಕರೆ ಕುಸಿದಿತ್ತು. ಬೆರಳಿಗೆ ಒಂದು ಸೂಜಿ ಚುಚ್ಚಿದ್ದರೆ ತಿಳಿಯುತ್ತಿತ್ತು. ಅದನ್ನು ಹಳದಿ ಬಳಿದು ಹದಿನೈದು ಸಲ ಓದಿದ್ದೆ. ಆಕೆ ಸತ್ತಳು.

ನಮ್ಮಲ್ಲಿ ಒಂದು ಪದ್ಧತಿಯಿದೆ. ವೈದ್ಯರ ತಪ್ಪಿನಿಂದ ಸತ್ತವರ ಮನೆಯವರು ಬಯಸಿದರೆ ಸತ್ತವರ ದನಿಯನ್ನು ಯಂತ್ರದಲ್ಲಿ ಉಳಿಸಿ ಆಸ್ಪತ್ರೆಗೆ ಕೊಡಬಹುದು. ಅದಕ್ಕೆ ಉಳಿದನಿ ಎನ್ನುತ್ತೇವೆ. ಅದು ದಿನಕ್ಕೊಂದು ಕಾಯಿಲೆ ಹೇಳಿಕೊಂಡು ಬರುತ್ತದೆ, ಆರಿಸಿಕೊಳ್ಳಲು ನಾಲ್ಕು ಉತ್ತರಗಳನ್ನು ಕೊಡುವುದಿಲ್ಲ. ತಪ್ಪು ಮಾಡಿದವರು ಆ ದನಿಯ ಎದುರೇ ಮರುಪರೀಕ್ಷೆಗೆ ಕೂರಬೇಕು. ಹುಸೇನಮ್ಮನ ದನಿಯನ್ನು ಆಕೆಯ ಮಗಳು ಕೊಟ್ಟಳು. ನನ್ನ ಮರುಪರೀಕ್ಷೆ ನಾಳೆ. ಸೋತರೆ ನಾನು ಇನ್ನೆಂದೂ ವೈದ್ಯೆಯಲ್ಲ.

ಹಳೆಯ ಸಹಪಾಠಿಗಳು ಮತ್ತೆ ಓದುಪಟ್ಟಿ ಕಟ್ಟಿಕೋ ಎಂದರು. ಕಟ್ಟಲಿಲ್ಲ. ಒಂದು ಪಾಠ ಓದಿ, ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯುತ್ತೇನೆ. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಮೊದಮೊದಲು ಅರ್ಧ ಹಾಳೆಯೂ ತುಂಬದೆ ನಾಚಿಕೆಯಿಂದ ಅತ್ತಿದ್ದೇನೆ. ಬೆಳಿಗ್ಗೆ ಅಭ್ಯಾಸದ ಕೋಣೆಯಲ್ಲಿ ಹುಸೇನಮ್ಮನ ದನಿಗೆ ಉತ್ತರಿಸುತ್ತೇನೆ. ತಪ್ಪಿದರೆ ದನಿಯ ಉಸಿರು ಸಣ್ಣದಾಗುತ್ತ ನಿಲ್ಲುತ್ತದೆ. ಎಂಬತ್ತಮೂರು ಸಲ ನಿಂತಿದೆ. ನನಗೆ ಭಯವಾಗುತ್ತದೆ, ಆದರೂ ಹೋಗುತ್ತೇನೆ.

ಗೆಳೆಯರೇ, ಪುಸ್ತಕ ಮುಚ್ಚಿ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಕಾಗದದ ಮೇಲೆ ಎಷ್ಟು ಬೇಕಾದರೂ ತಪ್ಪು ಮಾಡಿ, ಅಲ್ಲಿ ಯಾರೂ ಸಾಯುವುದಿಲ್ಲ.

ಇವತ್ತು ಮೊದಲ ಬಾರಿಗೆ ನನ್ನ ಉತ್ತರ ಪೂರ್ತಿ ಸರಿಯಾಯಿತು. ಗುಣವಾದ ರೋಗಿಗಳು ಹೊರಡುವಾಗ ಹೇಳುವ ಹಾಗೆ ದನಿ, "ಮನಿಗಿ ಹೋಗ್ತೀನವ್ವಾ" ಎಂದಿತು. ಕೈ ಮುಗಿದೆ. ಹುಸೇನಮ್ಮನ ಮಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಅವ್ವನ ದನಿ ಅವಳಿಗೂ ಕೇಳಿಸಿತ್ತು.