ಕವಡೆ ಬಿತ್ತು, ಲೈನ್ ಕಟ್

ಜನವರಿ 18, ಶನಿವಾರ

ಇವತ್ತೂ ಅದೇ ಜಗಳ. ಬೆಳಿಗ್ಗೆ ಬಸವೇಶ್ವರನಗರಕ್ಕೆ, ನಮ್ಮಿಬ್ಬರ ಆಫೀಸಾಗಿರುವ ಸುಘೋಷನ ಮನೆ ಮಹಡಿಗೆ ಹೋದವಳು ಸಂಜೆವರೆಗೂ ಅವನ ಜೊತೆ ಕಾದಾಡಿದೆ. ನಮ್ಮ ಆನ್‌ಲೈನ್ ಚೌಕಾಬಾರ ಬಹುತೇಕ ಮುಗಿದಿದೆ — ಮಣೆ, ಕಾಯಿ, ಕವಡೆ ಸದ್ದು, ಎಲ್ಲ. ನಾಲ್ಕು ಫೋನುಗಳನ್ನು ಜೋಡಿಸಲು ಯಾವ ಸಾಕೆಟ್ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಯಾವ ಸಿದ್ಧ ಕೋಡ್, ಬಳಸುವುದು ಎನ್ನುವುದೊಂದೇ ಬಾಕಿ.

ನಾನು ಹೇಳುವುದು ಸರಳವಾದದ್ದು. ಲೈನ್ ಕಟ್ ಆಯಿತೋ, ಆಟಗಾರ ಔಟ್. ಅವನು ಹಿಡಿದಿರುವುದು ತಾಳ್ಮೆಯದು. ಕಟ್ ಆದವರ ಜಾಗ ಕಾಯ್ದಿಟ್ಟು, ನೆಟ್‌ವರ್ಕ್ ಬಂದೊಡನೆ ಸದ್ದಿಲ್ಲದೆ ಮತ್ತೆ ಕೂರಿಸುತ್ತದೆ.

"ಅಮ್ಮಂದಿರು ಆಡೋ ಆಟ ಕಣೇ. ಲಿಫ್ಟ್‌ಗೆ ಹೋದ್ರೆ ಔಟ್ ಅಂದ್ರೆ ಮಾರನೇ ದಿನ ಯಾರೂ ಬರಲ್ಲ."

ಹಾಳಾಗಿ ಹೋಗಲಿ, ಅವನದೇ ಇರಲಿ ಎಂದೆ. ಕವಡೆ ಬೀಳುವುದು ನಮ್ಮ ಕೇಂದ್ರ ಕಂಪ್ಯೂಟರಾದ ಸರ್ವರ್‌ನಲ್ಲೋ, ಅವರವರ ಫೋನಿನಲ್ಲೋ ಎಂದು ಕೇಳಿದ. ಫೋನಿನಲ್ಲೇ, ಎಂದೆ. ಅಲ್ಲಾಡಿಸಿದ ತಕ್ಷಣ ಬೀಳಬೇಕು. ಕಾಯಿ ನಡೆಸಿದ ಮೇಲೆ ಉಳಿದವರಿಗೆ ಕಂಡರೆ ಸಾಕು.

"ಯಾರಾದ್ರೂ ಮೋಸ ಮಾಡಿದ್ರೆ?"

"ನಮ್ಮ ಮಹಿಳಾ ಸಮಾಜದ ಆಂಟಿಯರಾ? ಹೋಗೋ."

ಇಬ್ಬರೂ ನಕ್ಕೆವು.

ಜನವರಿ 27, ಸೋಮವಾರ

ಅವನ ಅಮ್ಮ ಅನಂತಲಕ್ಷ್ಮಿ ಆಂಟಿ, ನಮ್ಮಮ್ಮ, ಸಮಾಜದ ಇನ್ನಷ್ಟು ಜನ ಟೆಸ್ಟಿಂಗ್ ಮಾಡುತ್ತಿದ್ದಾರೆ. ಲೈನ್ ಕಟ್ ಆಗುತ್ತಲೇ ಇದೆ. ಕವಡೆ ಬೀಳುತ್ತದೆ, ಕಾಯಿ ನಡೆಸುವ ಮೊದಲೇ ಕಟ್. ಮತ್ತೆ ಬಂದು ಹೊಸದಾಗಿ ಹಾಕುತ್ತಾರೆ. ನಾವಿಬ್ಬರು ಆಡಿದರೆ ಒಮ್ಮೆಯೂ ಆಗುವುದಿಲ್ಲ!

"ಲೈಬ್ರರಿ ಸರಿ ಇದೆ. ಕವಡೇನ ಸರ್ವರ್‌ಗೆ ಹಾಕ್ಬಿಡೋಣ" ಎಂದ.

"ಯಾಕೆ? ಕಾರಣ ಹೇಳು."

 ಎದ್ದು ಕೆಳಗೆ ಕಾಫಿ ತರಲು ಹೋದ. ಮೈ ಉರಿಯಿತು. ತಪ್ಪು ಒಪ್ಪಿಕೊಳ್ಳಲು ಅಷ್ಟು ಜಂಭವೇ.

ಫೆಬ್ರವರಿ 2, ಭಾನುವಾರ, ಸಂಜೆ

ಎಲ್ಲಾ ಮುಗಿಯಿತು. ವಿಜಯನಗರದ ಸಮಾಜದ ಹಾಲ್‌ನಲ್ಲಿ ಟೂರ್ನಮೆಂಟ್. ಗೇಮ್ ಹೊರತರುವ ಕಂಪನಿಯ ಶ್ಯಾಮಸುಂದರ ಸಾರ್ ಬಂದಿದ್ದರು. ಅವರು ಒಪ್ಪಿದರೆ ನಮ್ಮ ಆಟ ಉಳಿಯುತ್ತದೆ, ಇಲ್ಲವಾದರೆ ಅಂಗಡಿ ಬಂದ್. ಪ್ರತಿ ಟೇಬಲ್‌ನಲ್ಲೂ ಕಟ್... ಕಟ್... ಕಟ್.

"ಏನಮ್ಮ ಗಗನಾ ಇದು?" ಎಂದರು ಸಾರ್.

ಎಲ್ಲರೆದುರು ಹೇಳಿಬಿಟ್ಟೆ. "ಲೈಬ್ರರಿ ಸುಘೋಷ್ ಆರಿಸಿದ್ದು ಸಾರ್. ಬೇಡ ಅಂತ ಬಡ್ಕೊಂಡೆ. ಇವನನ್ನ ನಂಬಿದ್ದೇ ತಪ್ಪು."

ಅವನು ನನ್ನ ಕಡೆ ನೋಡಲಿಲ್ಲ. ಅವನ ಅಮ್ಮ ಕೂತಿದ್ದ ಕಡೆ ನೋಡಿದ. "ಹೌದು ಸಾರ್. ನಂದೇ ತಪ್ಪು" ಎಂದ.

ಅಷ್ಟೇ. ಒಂದು ಲೈಬ್ರರಿಗಾಗಿ ಬೆಳಗಿನಿಂದ ಸಂಜೆವರೆಗೆ ಜಗಳವಾಡುವವನು! ಲ್ಯಾಪ್‌ಟಾಪ್ ಮುಚ್ಚಿ ಹೊರಟೇಹೋದ.  ಲೈಬ್ರರಿ ಬದಲಿಸಿ ತನ್ನಿ, ನೋಡೋಣ, ಎಂದರು ಸಾರ್.

ಫೆಬ್ರವರಿ 6, ಗುರುವಾರ

ಫೋನ್ ಎತ್ತುತ್ತಿಲ್ಲ. ಎತ್ತದಿದ್ದರೆ ಬೇಡ. ಅವನ ಲೈಬ್ರರಿ ಕಿತ್ತು ನನ್ನದನ್ನು ಹಾಕುತ್ತಿದ್ದೇನೆ. ಮಹಡಿಗೆ ಹೋಗುವುದಿಲ್ಲ, ಮನೆಯಲ್ಲೇ ಕೆಲಸ. ಏನೋ ಬಿಕೋ ಎನ್ನುತ್ತದೆ.

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ

 ಇದನ್ನು ಈಗಲೇ ಬರೆದಿಡಬೇಕು.

ನನ್ನ ಲೈಬ್ರರಿ ಇರುವ ಹೊಸ ಆಟವನ್ನು ಅಮ್ಮನ ಫೋನಿಗೆ ಹಾಕಿಕೊಟ್ಟಿದ್ದೆ. ಸೋಫಾದಲ್ಲಿ ಕೂತು ಸಮಾಜದವರ ಜೊತೆ ಆಡುತ್ತಿದ್ದಳು. ಇದ್ದಕ್ಕಿದ್ದಂತೆ ಸಿಡುಕಿದಳು.

"ಏನೇ ಇದು, ಆಫ್ ಮಾಡಿ ಆನ್ ಮಾಡಿದ್ರೆ ಔಟ್ ಅಂತಿದೆ?"

"ಏನನ್ನ ಆಫ್ ಮಾಡಿದೆ?"

"ಅದೇ ಕಣೇ, ವಿಮಾನದ ಚಿತ್ರ ಇರುತ್ತಲ್ಲ, ಅದನ್ನ ಒತ್ತಿದೆ. ಗರ ಒಂದೇ ಬಿತ್ತು. ಒಂದು ಇಟ್ಕೊಂಡು ಏನ್ ಮಾಡ್ಲಿ?"

ಅಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದವಳು. ಕಾಪಿ ಹೊಡೆದವರ ಕಿವಿ ಹಿಂಡಿ ಹೊರಗೆ ನಿಲ್ಲಿಸಿದವಳು. ಇವಳು ಏರೋಪ್ಲೇನ್ ಮೋಡ್ ಒತ್ತಿ ಲೈನ್ ಕಡಿದು, ಗರ ಬದಲಿಸುತ್ತಿದ್ದಾಳೆ!

"ಅಮ್ಮ, ಅದು ಮೋಸ."

"ಯಾವ ಮೋಸ? ಕವಡೆ ಮಣೆಯಿಂದಾಚೆ ಬಿದ್ರೆ ಮತ್ತೆ ಹಾಕಲ್ವಾ? ಇದೂ ಹಾಗೇ. ಅನಂತಲಕ್ಷ್ಮಿ ತೋರಿಸ್ಕೊಟ್ಟಿದ್ದು, ಎಲ್ಲರೂ ಹೀಗೇ ಆಡೋದು."

ಹಾಗಾದರೆ, ಲೈನ್ ಒಮ್ಮೆಯೂ ತಾನಾಗಿ ಕಟ್ ಆಗಿರಲಿಲ್ಲ. ಅವನ ಲೈಬ್ರರಿ ಕಟ್ ಆದವರನ್ನು ವಾಪಸ್ ಕರೆತಂದಿತು, ಅದರ ಕೆಲಸವೇ ಅದು.

ತನ್ನ ಫೋನನ್ನು ಎತ್ತುವುದಿಲ್ಲವೆಂದು ನಾಗರಬಾವಿಯ ಅವನ ಅಕ್ಕನ ಮನೆಗೆ ಫೋನ್ ಮಾಡಿದೆ. ಅವನೇ ಎತ್ತಿದ. ಹೇಳಿದೆ.

"ಗೊತ್ತಿತ್ತು ಕಣೇ. ಅಮ್ಮ ಒತ್ತೋದು ನೋಡೇ ಕವಡೇನ ಸರ್ವರ್‌ಗೆ ಹಾಕೋಣ ಅಂದಿದ್ದು. ಅವಳೊಬ್ಬಳೇ ಅಂದ್ಕೊಂಡಿದ್ದೆ. ಅಷ್ಟು ಜನರ ಮುಂದೆ ಅಮ್ಮನ ಹೆಸರು ಹೇಳ್ಲಾ?"

"ನನಗಾದ್ರೂ ಹೇಳಬಾರದಿತ್ತೇನೋ?"

"ನಿಂಗೆ ಹೇಳಿದ್ರೆ ನೀನು ಮೈಕ್ ಹಿಡ್ಕೊಂಡು ಎಲ್ಲರಿಗೂ ಹೇಳ್ತಿದ್ದೆ."

 ವಾಪಸ್ ಬಾರೋ ಎಂದೆ. 

"ನಾಳೆ ಬೇರೆ ಕಡೆ ಜಾಯಿನ್ ಆಗ್ತಾ ಇದೀನಿ ಗಗನಾ. ನಿಮ್ಮಮ್ಮಂಗೆ ಮಾತ್ರ ಏನೂ ಅನ್ಬೇಡ. ಪಾಪ, ಬೇಜಾರ್ ಮಾಡ್ಕೋತಾರೆ."

ಇಟ್ಟುಬಿಟ್ಟ. ನಡುಮನೆಗೆ ಬಂದೆ. ಅಮ್ಮ ಫೋನ್ ಹಿಡಿದು ಕಾಯುತ್ತಿದ್ದಳು.

"ಸುಘೋಷ್ ತಾನೇ? ಏನಂದ? ಆ ಹಳೇದನ್ನೇ ಮತ್ತೆ ಹಾಕ್ಕೊಡ್ತಾನಂತಾ?"

ನಾನು ಅವಳ ಕೈಯಿಂದ ಫೋನ್ ತೆಗೆದುಕೊಂಡು, "ನಾನೇ ಹಾಕ್ಕೊಡ್ತೀನಮ್ಮ" ಎಂದೆ.