ಹೊಂಗೆಪಾಳ್ಯ ಹಾಲ್ಟಿನ ಹನ್ನೊಂದು ಒಗೆಯುವ ಕಲ್ಲುಗಳು

ಹೊಂಗೆಪಾಳ್ಯ ನಿಲ್ದಾಣ, ಕೆಳಮಹಡಿ
ಫೆಬ್ರವರಿ ಮೂವತ್ತು, ೨೧೭೬

ಅಜ್ಜಿ ಮುನಿರತ್ನಮ್ಮನಿಗೆ ನಿನ್ನ ಮರಿಮಗಳ ಮಗ ದೊಡ್ಡೆಲ್ಲಪ್ಪ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೋ. ನಾನು ಶಾಲೆಗೆ ಹೋದವನಲ್ಲ, ಈ ನಿಲ್ದಾಣದ ಬೋರ್ಡುಗಳನ್ನು ಓದಿ ಅಕ್ಷರ ಕಲಿತವನು. ನಿನಗಿನ್ನೂ ಮೂವತ್ತೆರಡು, ನನಗೆ ಎಂಬತ್ತೊಂದು. ಆದರೂ ನೀನೇ ಹಿರಿಯಳು. ಎಂಬತ್ತು ದಾಟಿದವರಿಗೆ ಇಲ್ಲಿ ಒಂದೇ ಒಂದು ಹಿಂದಂಚೆಗೆ ಅವಕಾಶ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ನನ್ನ ಪಾಲಿನದನ್ನು ನಿನಗೆ ಬರೆಯುತ್ತಿದ್ದೇನೆ, ಸಿಟ್ಟಿನಲ್ಲಿ.

ನಿನ್ನ ಹಾಲ್ಟ್ ಈಗ ಏಳು ಮಹಡಿ. ಹಳಿ ಮುಟ್ಟದೆ ಓಡುವ ತೇಲುಬಂಡಿಗಳು ಮೂರನೆಯದರಲ್ಲಿ ನಿಲ್ಲುತ್ತವೆ. ಐದನೆಯದರಲ್ಲಿ ಸೊಪ್ಪು ಬೆಳೆಯುತ್ತಾರೆ. ಟಿಕೆಟ್ಟಿನ ಬದಲು ಹೆಜ್ಜೆಚೀಟಿ: ನಡಿಗೆ ನೋಡಿಯೇ ಬಾಗಿಲು ಗುರುತು ಹಿಡಿಯುತ್ತದೆ. ಮಂಡಿನೋವಿನ ನನ್ನನ್ನು ದಿನಾ ಹೊಸಬನೆಂದು ತಡೆಯುತ್ತದೆ. ನೀವು ಹೆಂಗಸರು ಅಡಿಯಲ್ಲಿ ನಿಂತು ಟಿಕೆಟ್ ಕೊಳ್ಳುತ್ತಿದ್ದ ಹೊಂಗೆಮರ ಹೋಯಿತು. ಆದರೆ ಕೆಳಮಹಡಿಯಲ್ಲಿ, ಹಳೆಯ ಹಳಿಯ ಪಕ್ಕ, ನಿಮ್ಮ ಹನ್ನೊಂದು ಕಲ್ಲುಗಳು ಇನ್ನೂ ಇವೆ.

ಅವನ್ನೇ ಕೀಳುತ್ತಾರಂತೆ, ಬರುವ ಸೋಮವಾರ. ಹಳೆಯದರಲ್ಲಿ ಯಾವುದು ಉಳಿಯಬೇಕು ಎಂದು ತೀರ್ಮಾನಿಸುವ ನೆನಪುಮಂಡಳಿಯ ಮಹಾನುಭಾವರ ಅಪ್ಪಣೆ. ಆ ಜಾಗದಲ್ಲಿ ನಿಲ್ದಾಣದ ಸ್ಥಾಪಕನ ಪ್ರತಿಮೆ ಬರುತ್ತದೆ. ಸ್ಥಾಪಕ ಯಾರು ಗೊತ್ತೇ? ಪಕ್ಕದಲ್ಲಿ ಬಡಾವಣೆ ಮಾಡಿ, ಪ್ಲಾಟ್‌ಫಾರಂ ಆದ ಮೇಲೆ ಬಂದು ರಿಬ್ಬನ್ ಕತ್ತರಿಸಿದವನು! ಒಂದು ದಿನವೂ ಆ ರೈಲು ಹತ್ತಿದವನಲ್ಲ.

ಹತ್ತುವ ಕಷ್ಟ ನಿನಗೆ ಗೊತ್ತು. ಬೋಗಿಯ ಬಾಗಿಲು ಎದೆಮಟ್ಟ, ರೈಲು ನಿಲ್ಲುವುದು ಒಂದೇ ನಿಮಿಷ. ಗಾರ್ಮೆಂಟ್ಸಿಗೆ ಹೋಗುವ ಪಿಳ್ಳಮ್ಮ ಏಳು ತಿಂಗಳ ಬಸುರಿ, ಜಾರಿ ಬಿದ್ದಳು. ಮರುದಿನ ನೀನು ನಿನ್ನ ಮನೆಯ ಒಗೆಯುವ ಕಲ್ಲನ್ನು ಹಿತ್ತಲಿಂದ ಕಿತ್ತು, ಉರುಳಿಸಿಕೊಂಡು ಬಂದು ಮೆಟ್ಟಿಲಾಗಿ ಹಾಕಿದೆ. ವಾರದಲ್ಲಿ ಪಿಳ್ಳಮ್ಮನದೂ ಸೇರಿ ಹನ್ನೊಂದಾದವು. ಹನ್ನೊಂದು ಮನೆಯವರು ಬಕೆಟ್ಟಿನಲ್ಲೇ ಬಟ್ಟೆ ಹಿಂಡಿಕೊಂಡರು. ಕಲ್ಲಿದ್ದುದರಿಂದ ಮುದುಕರು ಹತ್ತಿದರು, ಸೊಪ್ಪಿನ ಬುಟ್ಟಿಗಳು ಹತ್ತಿದವು. ಜನ ಹೆಚ್ಚಿದ್ದಕ್ಕೇ ಶೆಡ್ಡು ಬಂತು, ಆಮೇಲೆ ಪ್ಲಾಟ್‌ಫಾರಂ, ಆಮೇಲೆ ಈ ಏಳು ಮಹಡಿ.

ಇದನ್ನೆಲ್ಲ ಹೇಳಿದರೆ ಮಂಡಳಿಯ ಹುಡುಗಿ "ದಾಖಲೆ ಬೇಕಲ್ಲ ತಾತ" ಅಂದಳು. ಆಗಿನ ರೈಲಿನ ಸಾಹೇಬರು ಬರೆದಿಟ್ಟ ಒಂದೇ ಒಂದು ದಾಖಲೆ ಇತ್ತು, ಅದನ್ನು ಅವಳೇ ಓದಿದಳು: ‘ಕಲ್ಲುಗಳಿಗೆ ವಾರಸುದಾರರಿಲ್ಲ. ತಾವು ಹಾಕಿದ್ದಲ್ಲವೆಂದು ಹೆಂಗಸರೇ ತಿಳಿಸಿದರು.’

ಅಜ್ಜಿ, ನಿನ್ನ ಮೇಲೂ ಸಿಟ್ಟು ಬಂತು. ನಮ್ಮಮ್ಮ ನಗುತ್ತಾ ಹೇಳುತ್ತಿದ್ದ ಕಥೆ ಅದು.

"ಯಾರಮ್ಮಾ ಈ ಕಲ್ ಹಾಕಿದ್ದು?" ಎಂದು ರೈಲಿನ ಸಾಹೇಬರು ಕೇಳಿದರಂತೆ.

"ನಮ್ಗೇನ್ ಗೊತ್ತು ಸಾಮಿ, ಮಳೆಗೆ ಮೇಲೆದ್ದಿರ್ಬೇಕು" ಅಂದೆಯಂತೆ ನೀನು.

"ಸೋಪಿನ ವಾಸ್ನೆ ಬರ್ತದಲ್ಲಮ್ಮಾ!"

"ಸೋಪ್ ಮಾರೋರೂ ಇಲ್ಲೇ ಹತ್ತೋದು ಸಾಮಿ."

ಹಳಿಯ ಪಕ್ಕ ಕಲ್ಲಿಟ್ಟರೆ ಕೇಸಾಗುತ್ತದೆ ಎಂದು ಹನ್ನೊಂದು ಜನವೂ ಹೆದರಿ ನಾವಲ್ಲ ಎಂದು ತಲೆಯಾಡಿಸಿದಿರಿ. ಆತ ಬಂದದ್ದು ಕೇಸಿಗಲ್ಲ, ಪ್ಲಾಟ್‌ಫಾರಂ ಬೇಕೋ ಬೇಡವೋ ನೋಡಲು. ಹುಡುಗಿ ಓದಿದ ದಾಖಲೆಯಲ್ಲೇ ಹಾಗೆಂದು ಬರೆದಿದೆ. ನೂರೈವತ್ತು ವರ್ಷ ನಾವು ನಕ್ಕ ಮಾತೇ ಈಗ ನಿಮ್ಮ ವಿರುದ್ಧ ಸಾಕ್ಷಿ.

ಈ ಕಾಗದ ವೇಳೆಗೆ ತಲುಪಿದರೆ ನಿನಗೆ ಅದಿನ್ನೂ ನಡೆದಿಲ್ಲ: ಸಾಹೇಬರು ಬರುವುದು ನಾಳಿದ್ದು ಬುಧವಾರ, ಬೆಳಗಿನ ರೈಲಿಗೆ. ಹೆದರಬೇಡ. ನಾವೇ ಹಾಕಿದ್ದು ಅನ್ನು. ಹನ್ನೊಂದು ಹೆಸರನ್ನೂ ಬರೆಸು, ಪಿಳ್ಳಮ್ಮನದು ಮೊದಲು.

ಸೋಮವಾರ ನಾನು ನಿನ್ನ ಕಲ್ಲಿನ ಮೇಲೆ ಕೂತಿರುತ್ತೇನೆ, ಬಟ್ಟೆ ಕುಕ್ಕಿ ಕುಕ್ಕಿ ನೀನು ಸವೆಸಿದ ಗುಳಿಯಲ್ಲಿ. ಎಬ್ಬಿಸಲು ಬಂದವರು ಕಲ್ಲು ಯಾರದೆಂದು ಕೇಳುತ್ತಾರೆ. ಬುಧವಾರ ನೀನು ಏನು ಹೇಳಿರುತ್ತೀಯೋ ನಾನೂ ಅದನ್ನೇ ಹೇಳಬೇಕು. ಯೋಚಿಸಿ ಹೇಳು, ತಾಯಿ.

ನಿನ್ನ
ದೊಡ್ಡೆಲ್ಲಪ್ಪ